ಏಳು ಜೀವಕ್ಕೆ ಮೂರು ವರ್ಷ

ಒಬ್ಬನು ಮಚ್ಚು ಬೀಸಿ ಮನುಷ್ಯನನ್ನು ಕೊಂದರೆ ಅದು ಕೊಲೆ. ಕಂಠಪೂರ್ತಿ ಕುಡಿದು ಮೋಟಾರನ್ನು ಜನರ ಮೇಲೆ ಹಾಯಿಸಿ ಕೊಂದರೆ ಮಾತ್ರ ಅದಕ್ಕೆ ‘ಅಪಘಾತ’ ಎಂಬ ಮೃದುವಾದ ಹೆಸರು. ಸೈಕಲ್ ತುಳಿದು ಗಿರಣಿಗೆ ಹೋಗುವವರೂ, ಅಂಗಡಿಯ ಜಗುಲಿಯಲ್ಲೇ ರಾತ್ರಿ ಕಳೆಯುವವರೂ ಈ ಹೆಸರಿನ ಬೆಲೆಯನ್ನು ತಿಳಿದಿರಬೇಕು.

2006ನೇ ಇಸವಿ ನವೆಂಬರ್ 12ರ ನಸುಕಿನಲ್ಲಿ, ಮುಂಬಯಿಯ ಬಾಂದ್ರಾದ ಕಾರ್ಟರ್ ರಸ್ತೆಯಲ್ಲಿ, ರಸ್ತೆ ಕೆಲಸದ ಕೂಲಿಗಳು ತಮ್ಮ ಗುಡಿಸಲುಗಳ ಮುಂದೆ ಫುಟ್‌ಪಾತಿನ ಮೇಲೆ ಮಲಗಿದ್ದರು. ಕುಡಿದು ಕಾರು ನಡೆಸುತ್ತಿದ್ದ ಯುವಕನೊಬ್ಬ ಅವರ ಮೇಲೆ ಗಾಡಿ ಹಾಯಿಸಿದ. ಏಳು ಮಂದಿ ಸತ್ತರು, ಎಂಟು ಮಂದಿ ಗಾಯಗೊಂಡರು. ಸೆಷನ್ಸ್ ಕೋರ್ಟು ಇದನ್ನು ನಿಷ್ಕಾಳಜಿಯೆಂದು ಎಣಿಸಿ, ಪೀನಲ್ ಕೋಡಿನ 304-ಎ ಪ್ರಕಾರ, ಆರು ತಿಂಗಳ ಸಾದಾ ಸಜೆಯನ್ನೂ 5 ಲಕ್ಷ ರೂಪಾಯಿ ದಂಡವನ್ನೂ ವಿಧಿಸಿತು. ಒಂದು ಜೀವಕ್ಕೆ ಒಂದು ತಿಂಗಳೂ ಬೀಳಲಿಲ್ಲ!

2007ರಲ್ಲಿ ಹೈಕೋರ್ಟು ಈ ಲೆಕ್ಕವನ್ನು ಒಪ್ಪಲಿಲ್ಲ. ಇಷ್ಟು ಕುಡಿದು ಹೀಗೆ ಗಾಡಿ ನಡೆಸಿದರೆ ಜೀವ ಹೋದೀತೆಂಬ ಅರಿವಿದ್ದೇ ನಡೆಸಿದ್ದಾನೆಂದು ಹೇಳಿ, 304ನೇ ಕಲಮಿನ ಎರಡನೇ ಭಾಗವನ್ನು ಹಚ್ಚಿ, ಮೂರು ವರ್ಷದ ಕಠಿಣ ಸಜೆ ಕೊಟ್ಟಿತು. ಆ ಕಲಮಿನಲ್ಲಿ ಹತ್ತು ವರ್ಷದವರೆಗೆ ಕೊಡಬಹುದಿತ್ತು. 2012ರ ಜನವರಿ 12ರಂದು ಸುಪ್ರೀಂ ಕೋರ್ಟು ಈ ತೀರ್ಪನ್ನು ಎತ್ತಿಹಿಡಿಯಿತು. ಅಪರಾಧಿಯ ಕಡೆಯವರು, ಎರಡು ತಿಂಗಳು ಜೈಲಿನಲ್ಲಿದ್ದಾಯಿತು, ಎಂಟೂವರೆ ಲಕ್ಷ ಪರಿಹಾರ ಕಟ್ಟಿದ್ದಾಯಿತು, ಇಷ್ಟಕ್ಕೇ ಬಿಟ್ಟುಬಿಡಿ ಎಂದರು. ಎಷ್ಟು ಹಣ ಕೊಟ್ಟರೂ ಸತ್ತವರ ಮನೆಯವರ ಸಂಕಟ ನೀಗದೆಂದು ಕೋರ್ಟು ಅದನ್ನು ತಳ್ಳಿಹಾಕಿತು. ನಾವು ಇದನ್ನು ಮನಸಾರೆ ಸ್ವಾಗತಿಸುತ್ತೇವೆ. ಪರಿಹಾರವು ಸಂತ್ರಸ್ತರಿಗೆ ಸಲ್ಲಬೇಕಾದ ಬಾಕಿ. ಅದನ್ನು ತೀರಿಸಿದವನಿಗೆ ಸಜೆಯಲ್ಲಿ ರಿಯಾಯಿತಿ ಕೊಟ್ಟರೆ, ಹಣವುಳ್ಳವನಿಗೆ ಒಂದು ಕಾಯಿದೆ, ಇಲ್ಲದವನಿಗೆ ಇನ್ನೊಂದು ಕಾಯಿದೆಯಾಗುತ್ತದೆ.

ಕಠಿಣ ಶಿಕ್ಷೆ ಬೇಕೆನ್ನುವಾಗ ಲಾರಿ ಚಾಲಕನನ್ನೂ ಮರೆಯಲಾಗದು. ದಿನಕ್ಕೆ ಎಂಟು ಗಂಟೆಯ ದುಡಿಮೆಯೆಂದು 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯೇ ಹೇಳಿತ್ತು. ಅದನ್ನು ಎಷ್ಟು ಮಾಲೀಕರು ಪಾಲಿಸಿದರೆಂಬುದನ್ನು ಯಾವ ಚಾಲಕನನ್ನಾದರೂ ಕೇಳಿ ನೋಡಿ. ಮಾಲೀಕನ ಒತ್ತಾಯಕ್ಕೆ ನಿದ್ದೆಗೆಟ್ಟು ಗಾಡಿ ನಡೆಸಿದವನೂ ಮೋಜಿಗಾಗಿ ಕುಡಿದು ನಡೆಸಿದವನೂ ಒಂದೇ ಅಲ್ಲ. ಹೊಸ ನ್ಯಾಯ ಸಂಹಿತೆಯು ನಿಷ್ಕಾಳಜಿಯ ಸಾವಿಗೆ ಇದ್ದ ಎರಡು ವರ್ಷದ ಮಿತಿಯನ್ನು ಐದಕ್ಕೆ ಏರಿಸಿತು. ವರದಿ ಮಾಡದೆ ಓಡಿಹೋದ ಚಾಲಕನಿಗೆ ಹತ್ತು ವರ್ಷದವರೆಗೆ ಎಂದಿತು. 2024ರ ಜನವರಿಯಲ್ಲಿ ಚಾಲಕರು ಗಾಡಿ ನಿಲ್ಲಿಸಿದರು. ಆ ವರ್ಷ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಈ ಉಪಕಲಮನ್ನು ಬದಿಗಿಡಲಾಯಿತು. ಗುಂಪಿನ ಹೊಡೆತಕ್ಕೆ ಹೆದರಿ ಓಡುವವನ ಭಯವನ್ನು ಕಾಯಿದೆ ಬರೆದವರು ಆಗ ಯೋಚಿಸಿರಲಿಲ್ಲವೇ? ಶಿಕ್ಷೆಯ ಅಳತೆಗೆ ಚಾಲಕನ ಅರಿವೂ ಆಯ್ಕೆಯೂ ಆಧಾರವಾಗಲಿ. ಒತ್ತಾಯಿಸಿದ ಮಾಲೀಕನನ್ನೂ ಕಟಕಟೆಗೆ ಕರೆಯಲಿ.

ಬಾಂದ್ರಾ ಮೊಕದ್ದಮೆಯಲ್ಲಿ ನಮ್ಮನ್ನು ಹೆಚ್ಚು ಚುಚ್ಚುವ ಸಂಗತಿ ಬೇರೆಯೇ ಇದೆ. ಮೂರು ವರ್ಷ ತೀರ ಕಡಿಮೆಯೆಂದು ಸುಪ್ರೀಂ ಕೋರ್ಟೇ ಹೇಳಿತು. ಆದರೆ ಶಿಕ್ಷೆ ಹೆಚ್ಚಿಸಿರೆಂದು ಸರ್ಕಾರ ಮೇಲ್ಮನವಿ ಸಲ್ಲಿಸಿರಲಿಲ್ಲ. ಹಾಗಾಗಿ ಆ ವಿಚಾರಕ್ಕೆ ಕೈಹಾಕಲಿಲ್ಲ. ಸರ್ಕಾರ ಸುಮ್ಮನಿದ್ದರೆ ಸತ್ತವನ ಹೆಂಡತಿ ಮಕ್ಕಳು ಮೇಲ್ಮನವಿ ಹೂಡಬಹುದೇ? ಬಿಡುಗಡೆಯಾದರೆ, ಚಿಕ್ಕ ಅಪರಾಧಕ್ಕೆ ಇಳಿಸಿದರೆ, ಪರಿಹಾರ ಸಾಲದಿದ್ದರೆ ಹೂಡಬಹುದೆಂಬ ಹಕ್ಕು 2009ರ ಕೊನೆಗೆ ಬಂತು. ಶಿಕ್ಷೆ ಸಾಲದೆಂಬ ಕಾರಣಕ್ಕೆ ಆ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 413ನೇ ಕಲಮೂ ಹಳೆಯ ಮಾತುಗಳನ್ನೇ ಉಳಿಸಿಕೊಂಡಿದೆ.

ಹಣ ಸಾಲದೆಂದು ಬಡವ ದೂರಬಹುದಂತೆ, ನ್ಯಾಯ ಸಾಲದೆಂದು ದೂರಬಾರದಂತೆ! ಆ 413ನೇ ಕಲಮಿಗೆ ‘ಶಿಕ್ಷೆ ಸಾಲದಿದ್ದರೆ’ ಎಂಬ ಎರಡು ಮಾತು ಸೇರಿಸಲು ನಮ್ಮ ಲೋಕಸಭಾ ಸದಸ್ಯರು ಮಸೂದೆ ತರಲಿ. ಮತ ಕೇಳಲು ಗಿರಣಿಯ ಬಾಗಿಲಿಗೆ ಅವರು ಬಂದಾಗ ಕಾರ್ಮಿಕರು ಇದನ್ನೇ ಮೊದಲು ಕೇಳಲಿ.