ಗಡಿಸೀಮೆಯ ರೋಗಿಗೆ ಹತ್ತಿರದಲ್ಲೇ ಚಿಕಿತ್ಸೆ ಸಿಗಲಿ: ಹಿಂದೂಪುರ, ಕಲ್ಯಾಣದುರ್ಗ ಭಾಗದ ನಾಗರಿಕರ ಮನವಿ ಪತ್ರ

ಗೆ,
ಕಾರ್ಯದರ್ಶಿಗಳು,
ಆರೋಗ್ಯ, ವೈದ್ಯಕೀಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಆಂಧ್ರಪ್ರದೇಶ ಸರ್ಕಾರ, ಅಮರಾವತಿ.

ಮೂಲಕ:
ಜಿಲ್ಲಾ ಕಲೆಕ್ಟರ್, ಶ್ರೀ ಸತ್ಯಸಾಯಿ ಜಿಲ್ಲೆ, ಪುಟ್ಟಪರ್ತಿ.
ಜಿಲ್ಲಾ ಕಲೆಕ್ಟರ್, ಅನಂತಪುರ ಜಿಲ್ಲೆ, ಅನಂತಪುರ.

ವಿಷಯ: ಹಿಂದೂಪುರ ಮತ್ತು ಕಲ್ಯಾಣದುರ್ಗದ ಸರ್ಕಾರಿ ಆಸ್ಪತ್ರೆಗಳನ್ನು ಬಲಪಡಿಸುವುದು, ರೋಗಿಗಳನ್ನು ಬೇರೆ ಊರಿಗೆ ಬರೆದುಕೊಡುವ ಪದ್ಧತಿಯನ್ನು ಸರಿಪಡಿಸುವುದು, ಕನ್ನಡ ಮಾತನಾಡುವ ರೋಗಿಗಳಿಗೆ ಅವರ ಭಾಷೆಯಲ್ಲಿ ತಿಳಿವಳಿಕೆ ನೀಡುವುದು – ಈ ಕುರಿತು.



ನಾವು ಹಿಂದೂಪುರ, ಮಡಕಶಿರಾ ಮತ್ತು ಕಲ್ಯಾಣದುರ್ಗ ಸೀಮೆಯ ರೈತರು, ಕೂಲಿಕಾರರು, ರೇಷ್ಮೆ ಬೆಳೆಗಾರರು, ಶಿಕ್ಷಕರು ಮತ್ತು ಗೃಹಿಣಿಯರು. ನಮ್ಮಲ್ಲಿ ಅನೇಕರ ಮನೆಮಾತು ಕನ್ನಡ. ಕಾಯಿಲೆ ಬಿದ್ದರೆ ನಾವು ಮೊದಲು ಹೋಗುವುದು ಸರ್ಕಾರಿ ಆಸ್ಪತ್ರೆಗೆ. ಮಳೆ ನಂಬಿ ಕಡಲೆಕಾಯಿ ಬಿತ್ತುವ ಮನೆಗೆ ಖಾಸಗಿ ಆಸ್ಪತ್ರೆಯ ಒಂದು ಬಿಲ್ಲು ಎಂದರೆ ಒಂದು ಎಕರೆಯ ಮೇಲಿನ ಸಾಲ. ಆದ್ದರಿಂದ ಸರ್ಕಾರಿ ಆಸ್ಪತ್ರೆ ಸರಿಯಾಗಿ ನಡೆಯುವುದು ನಮಗೆ ಬದುಕಿನ ಪ್ರಶ್ನೆ. ಕುಂದುಕೊರತೆಗಳ ಪರಿಹಾರಕ್ಕಾಗಿ ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಆ ಹಕ್ಕಿನಂತೆ ಈ ಮನವಿಯನ್ನು ಕನ್ನಡದಲ್ಲಿ ಸಲ್ಲಿಸುತ್ತಿದ್ದೇವೆ.

ನಮ್ಮ ಕೋರಿಕೆಯ ತಿರುಳು ಇಷ್ಟು: ರೋಗಿಯ ಕೈಗೆ ಚೀಟಿ ಕೊಟ್ಟು ಮುಂದಿನ ಊರಿಗೆ ಕಳಿಸುವುದನ್ನೇ ಚಿಕಿತ್ಸೆ ಎಂದು ಎಣಿಸಬಾರದು. ಹತ್ತಿರದಲ್ಲಿ ಆಗಬೇಕಾದದ್ದು ಹತ್ತಿರದಲ್ಲೇ ಆಗಬೇಕು. ಕಳಿಸಲೇಬೇಕಾದರೆ ಪ್ರಥಮ ಚಿಕಿತ್ಸೆ ಮಾಡಿ, ವಾಹನ ಕೊಟ್ಟು, ಸೇರಿಸಿಕೊಳ್ಳುವ ಆಸ್ಪತ್ರೆಯನ್ನು ಗೊತ್ತುಮಾಡಿ, ಅರ್ಥವಾಗುವ ಮಾತಿನಲ್ಲಿ ಹೇಳಿ ಕಳಿಸಬೇಕು.

ನಮ್ಮ ಸೀಮೆಯ ಸ್ಥಿತಿ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಸೇರಿತು. ರಾಯದುರ್ಗ, ಆದವಾನಿ, ಆಲೂರು ಆಂಧ್ರದಲ್ಲಿ ಉಳಿದವು. ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆ ಮಂಡಲಗಳು ಕರ್ನಾಟಕದ ನೆಲದೊಳಗೆ ಚಾಚಿಕೊಂಡಿವೆ.  ಇಲ್ಲಿನವರಿಗೆ ಶಿರಾ, ಮಧುಗಿರಿ, ಪಾವಗಡ ದಿನನಿತ್ಯದ ಊರುಗಳು. ಹಿಂದೂಪುರದಿಂದ ಅನಂತಪುರ ಸುಮಾರು 110 ಕಿಲೋಮೀಟರ್. ಬೆಂಗಳೂರು ಸುಮಾರು 100. ಕಲ್ಯಾಣದುರ್ಗದಿಂದ ಅನಂತಪುರ ಸುಮಾರು 60 ಕಿಲೋಮೀಟರ್ ಇದ್ದರೂ ಕುಂದುರ್ಪಿ, ಶೆಟ್ಟೂರು, ಬ್ರಹ್ಮಸಮುದ್ರ ಕಡೆಯ ಹಳ್ಳಿಗಳವರು ಮೊದಲು ಕಲ್ಯಾಣದುರ್ಗ ಮುಟ್ಟಬೇಕು, ಆಮೇಲೆ ಅನಂತಪುರದ ಮಾತು.

2022ರ ಏಪ್ರಿಲ್ 4ರಂದು ಶ್ರೀ ಸತ್ಯಸಾಯಿ ಜಿಲ್ಲೆ ರಚನೆಯಾಯಿತು. ಹಿಂದೂಪುರ ಹೊಸ ಜಿಲ್ಲೆಗೆ ಬಂತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಸರ್ಕಾರಿ ವೈದ್ಯಕೀಯ ಕಾಲೇಜು ಮತ್ತು ಅದರ ದೊಡ್ಡಾಸ್ಪತ್ರೆ ಇರುವುದು ಅನಂತಪುರದಲ್ಲಿ. ಹೀಗೆ ಒಂದೇ ಸೀಮೆಯ ಜನ ಎರಡು ಜಿಲ್ಲೆ, ಎರಡು ರಾಜ್ಯ, ಎರಡು ಭಾಷೆಗಳ ನಡುವೆ ಚಿಕಿತ್ಸೆ ಹುಡುಕುತ್ತಿದ್ದೇವೆ.

ನಾವು ಅನುಭವಿಸಿದ್ದು

ಕೆಳಗಿನ ಅನುಭವಗಳು ಸಹಿ ಮಾಡಿದವರದೇ. ಯಾವ ಆಸ್ಪತ್ರೆಯ, ಯಾವ ವೈದ್ಯರ ಹೆಸರನ್ನೂ ನಾವು ಬರೆದಿಲ್ಲ. ಒಬ್ಬರಿಗೆ ಶಿಕ್ಷೆಯಾಗಲಿ ಎಂಬ ಆಸೆ ನಮಗಿಲ್ಲ. ಇನ್ನೊಬ್ಬರಿಗೆ ಹೀಗಾಗದಿರಲಿ ಎಂಬುದಷ್ಟೇ ಬೇಕು.

ಮುಂಗಾರಿನಲ್ಲಿ ಹೊಲದಿಂದ ಮುಸ್ಸಂಜೆ ಮನೆಗೆ ಬರುತ್ತಿದ್ದ ನಮ್ಮೂರಿನ ರೈತರೊಬ್ಬರಿಗೆ ಹಾವು ಕಚ್ಚಿತು. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಷನಿರೋಧಕ ಇಲ್ಲವೆಂದರು. ಮುಂದಿನ ಆಸ್ಪತ್ರೆಯಲ್ಲಿ ಒಂದಿಷ್ಟು ಕೊಟ್ಟು ಮತ್ತೂ ಮುಂದಕ್ಕೆ ಬರೆದರು. ಜೀವ ಉಳಿಯಿತು, ಕಾಲಿನ ಮಾಂಸ ಕೊಳೆತು ಆ ವರ್ಷದ ಬೇಸಾಯ ನಿಂತಿತು. ವಿಷದ ಲಕ್ಷಣ ಕಂಡ ರೋಗಿಗೆ ಮೊದಲ ಸಲವೇ 8ರಿಂದ 10 ಸೀಸೆ ವಿಷನಿರೋಧಕ ಕೊಡಬೇಕೆಂದು ನಮ್ಮ ದೇಶದ ಚಿಕಿತ್ಸಾ ಸೂತ್ರವೇ ಹೇಳುತ್ತದೆ. ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ನೋಡಲು ಒಂದು ಒಣಗಿದ ಶುಭ್ರ ಗಾಜಿನ ನಳಿಕೆ ಮತ್ತು 20 ನಿಮಿಷ ಸಾಕು. ಇಷ್ಟು ಸರಳವಾದದ್ದು ಹಳ್ಳಿಯ ಕೇಂದ್ರದಲ್ಲಿ ಇಲ್ಲದಿರುವುದಕ್ಕೆ ಹಣದ ಕೊರತೆ ಕಾರಣವೆಂದು ನಾವು ಒಪ್ಪಲಾರೆವು.

ತುಂಬು ಗರ್ಭಿಣಿಯೊಬ್ಬರಿಗೆ ರಾತ್ರಿ ರಕ್ತದೊತ್ತಡ ಏರಿತು. ಅರಿವಳಿಕೆ ವೈದ್ಯರು ಬೆಳಿಗ್ಗೆ ಬರುತ್ತಾರೆ, ಅಲ್ಲಿಯವರೆಗೆ ಇರಿಸಿಕೊಳ್ಳಲಾಗದು ಎಂದು ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಹಾಸಿಗೆ ಇದೆಯೇ ಎಂದು ಯಾರೂ ಫೋನ್ ಮಾಡಿ ಕೇಳಿರಲಿಲ್ಲ. ಚೀಟಿಯಲ್ಲಿ ಆಗ ಕೊಟ್ಟ ಔಷಧದ ಹೆಸರು, ಹೊತ್ತು ಯಾವುದೂ ಇರಲಿಲ್ಲ. ಹೊಸ ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮೊದಲಿನಿಂದ ನಡೆದವು. ತಾಯಿ, ಮಗು ಉಳಿದರು. ಆದರೆ ಆ ರಾತ್ರಿ ಆ ಮನೆಯವರು ಪಟ್ಟ ಭಯ ಯಾರಿಗೂ ಬೇಡ.

ಈ ಮನವಿಯನ್ನು ಬರೆಯುತ್ತಿರುವುದು ನಾನು. ನನ್ನ ತಾಯಿ ಸಕ್ಕರೆ ಕಾಯಿಲೆಯವರು. ಮನೆಯಲ್ಲಿ ಕನ್ನಡವಲ್ಲದೆ ಬೇರೆ ಮಾತು ಆಡಿದವರಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾದಾಗ ಅವರ ಕೈಗೆ ಬಂದ ಹಾಳೆ ಇಂಗ್ಲಿಷಿನಲ್ಲಿತ್ತು. ಬಾಯಿಮಾತಿನ ಸೂಚನೆ ತೆಲುಗಿನಲ್ಲಿ ಅವಸರದಲ್ಲಿ ಮುಗಿಯಿತು. ಇನ್ಸುಲಿನ್ ಊಟಕ್ಕೆ ಮುಂಚೆಯೋ ಆಮೇಲೋ ಎಂಬುದು ಅವರಿಗೆ ತಿಳಿಯದೆ, ಕೆಲವೇ ದಿನಗಳಲ್ಲಿ ಸಕ್ಕರೆ ಅಂಶ ತೀರ ಇಳಿದು ಎಚ್ಚರ ತಪ್ಪಿದರು. ವಾರ್ಡಿನಲ್ಲಿದ್ದ ಕನ್ನಡ ಬಲ್ಲ ಒಬ್ಬ ದಾದಿ ಎರಡು ಮಾತು ಹೇಳಿದ್ದರೆ ತಪ್ಪುತ್ತಿದ್ದ ಅಪಾಯ ಅದು.

ಬಿ.ಪಿ., ಶುಗರ್ ಗುಳಿಗೆ ಕೆಲವೇ ದಿನಗಳಿಗೆ ಕೊಟ್ಟು ಮತ್ತೆ ಬನ್ನಿ ಎನ್ನುವುದು, ಗುಳಿಗೆ ಮುಗಿದಿದ್ದರೆ ಹೊರಗೆ ಬರೆಯುವುದು ನಮ್ಮೆಲ್ಲರ ಅನುಭವ. ಪ್ರತಿ ಸಲವೂ ಒಂದು ದಿನದ ಕೂಲಿ, ಬಸ್ಸಿನ ಖರ್ಚು ಹೋಗುತ್ತದೆ. ಕೊನೆಗೆ ಗುಳಿಗೆಯನ್ನೇ ಬಿಟ್ಟು ಪಾರ್ಶ್ವವಾಯು ಬಡಿದು ಮಲಗಿದವರು ನಮ್ಮ ಬೀದಿಗಳಲ್ಲಿದ್ದಾರೆ.

ಒಳ್ಳೆಯದನ್ನೂ ನೆನೆಯುತ್ತೇವೆ

ಇದೇ ವ್ಯವಸ್ಥೆಯಲ್ಲಿ ಕಷ್ಟಪಟ್ಟು ದುಡಿಯುವವರನ್ನು ನಾವು ದಿನವೂ ನೋಡುತ್ತೇವೆ. ನಡುರಾತ್ರಿ ಬಾಣಂತಿಯ ಜೊತೆ ಬರುವ ಆಶಾ ಕಾರ್ಯಕರ್ತೆ, ಹಳ್ಳಿಯ ಕೊರಕಲು ದಾರಿಗೂ ಬರುವ 108ರ ಚಾಲಕ, ಒಬ್ಬರೇ ನೂರಾರು ಹೊರರೋಗಿಗಳನ್ನು ನೋಡುವ ಯುವ ವೈದ್ಯರು – ಇವರಿಗೆ ನಾವು ಋಣಿಗಳು. ಒತ್ತಡದ ಕೆಲಸಕ್ಕೆ ಸಾಕಷ್ಟು ಜನರನ್ನು ಕೊಡದೆ ಅವರನ್ನು ದೂರುವುದು ನ್ಯಾಯವಲ್ಲ.

ದಾನಧರ್ಮದ ಸಂಸ್ಥೆಗಳೂ ಈ ಸೀಮೆಯ ಕೈಹಿಡಿದಿವೆ. ವಿಸೆಂಟ್ ಫೆರರ್ ಅವರು ಅನಂತಪುರದಲ್ಲಿ ಕಟ್ಟಿದ ಗ್ರಾಮೀಣಾಭಿವೃದ್ಧಿ ಸಂಸ್ಥೆ ಆರ್.ಡಿ.ಟಿ. ಬತ್ತಲಪಲ್ಲಿ, ಕಲ್ಯಾಣದುರ್ಗ ಮತ್ತು ಕಣೇಕಲ್ಲಿನಲ್ಲಿ ಆಸ್ಪತ್ರೆ ನಡೆಸಿದೆ. ಪುಟ್ಟಪರ್ತಿಯ ಪ್ರಶಾಂತಿಗ್ರಾಮದಲ್ಲಿ 1991ರಲ್ಲಿ ತೆರೆದ ಸತ್ಯಸಾಯಿ ಉನ್ನತ ವೈದ್ಯವಿಜ್ಞಾನ ಸಂಸ್ಥೆ ಬಡವರಿಗೆ ಹಣವಿಲ್ಲದೆ ಹೃದಯದ ಶಸ್ತ್ರಚಿಕಿತ್ಸೆ ಮಾಡುತ್ತದೆ. ಪಾವಗಡದ ಶ್ರೀ ರಾಮಕೃಷ್ಣ ಸೇವಾಶ್ರಮದ ಶಾರದಾದೇವಿ ಕಣ್ಣಾಸ್ಪತ್ರೆ ಗಡಿ ನೋಡದೆ ನಮ್ಮ ಹಿರಿಯರಿಗೆ ಕಣ್ಣು ಕೊಟ್ಟಿದೆ. ಆದರೆ ದಾನಿಗಳ ಔದಾರ್ಯ ಸರ್ಕಾರದ ಕರ್ತವ್ಯಕ್ಕೆ ಬದಲಿಯಾಗದು.

ನಮ್ಮ ಬೇಡಿಕೆಗಳಿಗೆ ಇರುವ ಆಧಾರ

ತುರ್ತು ಚಿಕಿತ್ಸೆ ನಿರಾಕರಿಸಿದರೆ ಅದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿಗೆ ಭಂಗ ಎಂದು ಸುಪ್ರೀಂ ಕೋರ್ಟ್ 1996ರ ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಕಾರನನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ತಿರುಗಿಸಿದ ಪ್ರಕರಣವದು. ಹಾಸಿಗೆ ಇಲ್ಲ, ಸಲಕರಣೆ ಇಲ್ಲ ಎಂಬ ನೆಪವನ್ನು ನ್ಯಾಯಾಲಯ ಒಪ್ಪಲಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ 17 ಹಕ್ಕುಗಳ ರೋಗಿಗಳ ಸನ್ನದು, ಕಾಯಿಲೆ ಮತ್ತು ಚಿಕಿತ್ಸೆಯ ವಿವರವನ್ನು ರೋಗಿಗೆ ತಿಳಿದ ಭಾಷೆಯಲ್ಲಿ ಹೇಳಬೇಕೆನ್ನುತ್ತದೆ. ಭಾಷಾ ಅಲ್ಪಸಂಖ್ಯಾತರಿಗೆ ಒಪ್ಪಿಕೊಂಡ ರಾಷ್ಟ್ರೀಯ ರಕ್ಷಣೆಗಳ ಪ್ರಕಾರವೂ, ಒಂದು ಪ್ರದೇಶದಲ್ಲಿ ಅವರು ಶೇ. 15ರಷ್ಟಿದ್ದರೆ ಮುಖ್ಯ ಸರ್ಕಾರಿ ಪ್ರಕಟಣೆಗಳು ಅವರ ಭಾಷೆಯಲ್ಲಿರಬೇಕು.

ಗಡಿ ದಾಟುವ ರೋಗಿಯನ್ನು ತಡೆಯಬಾರದೆಂಬುದೂ ಈ ದೇಶದಲ್ಲಿ ತೀರ್ಮಾನವಾದ ಮಾತು. 2020ರ ಏಪ್ರಿಲ್‌ನಲ್ಲಿ ಕರ್ನಾಟಕ-ಕೇರಳ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿ ಕಾಸರಗೋಡಿನ ರೋಗಿಗಳು ಮಂಗಳೂರು ಮುಟ್ಟಲಾಗದಿದ್ದಾಗ ಕೇರಳ ಹೈಕೋರ್ಟ್ ತಡೆ ತೆಗೆಸಲು ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟ್ ಮುಟ್ಟಿದ ಮೇಲೆ ತುರ್ತು ರೋಗಿಗಳನ್ನು ಬಿಡುವ ಕ್ರಮ ಗೊತ್ತಾಯಿತು. 2021ರ ಮೇ ತಿಂಗಳಲ್ಲಿ ಹೈದರಾಬಾದಿಗೆ ಹೋಗುತ್ತಿದ್ದ ಆಂಧ್ರದ ಆಂಬುಲೆನ್ಸ್‌ಗಳನ್ನು ತೆಲಂಗಾಣ ಗಡಿಯ ಪುಲ್ಲೂರಿನ ಬಳಿ ನಿಲ್ಲಿಸಿದಾಗ ತೆಲಂಗಾಣ ಹೈಕೋರ್ಟ್ ಅದಕ್ಕೆ ಕಾರಣವಾದ ಸರ್ಕಾರಿ ಸುತ್ತೋಲೆಗೆ ತಡೆ ಕೊಟ್ಟಿತು. ನಮಗೂ ಅಂಥ ಸಂಕಟ ಬಂದ ಮೇಲೆ ಕೋರ್ಟಿಗೆ ಹೋಗುವ ಬದಲು ಈಗಲೇ ಎರಡೂ ಸರ್ಕಾರಗಳು ಕೂತು ಒಪ್ಪಂದ ಮಾಡಿಕೊಳ್ಳಲಿ ಎಂಬುದು ನಮ್ಮ ಕೋರಿಕೆ.

ಬೇಡಿಕೆಗಳು

1. ಹಿಂದೂಪುರ ಜಿಲ್ಲಾಸ್ಪತ್ರೆ ಮತ್ತು ಕಲ್ಯಾಣದುರ್ಗ ಸರ್ಕಾರಿ ಆಸ್ಪತ್ರೆಯಲ್ಲಿ 2022ರ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳಂತೆ ತಜ್ಞ ವೈದ್ಯರ ಹುದ್ದೆಗಳನ್ನು ತುಂಬಬೇಕು. ಸ್ತ್ರೀರೋಗ, ಮಕ್ಕಳ, ಅರಿವಳಿಕೆ ತಜ್ಞರು ರಾತ್ರಿ ಪಾಳಿಯಲ್ಲೂ ಇರಬೇಕು. ಪಾಳಿಯ ಪಟ್ಟಿಯನ್ನು ಹೊರಬಾಗಿಲಲ್ಲಿ ತೆಲುಗು ಮತ್ತು ಕನ್ನಡದಲ್ಲಿ ಹಾಕಬೇಕು.

2. ಎರಡೂ ಊರುಗಳಲ್ಲಿ ಹಗಲಿರುಳು ಸಿಸೇರಿಯನ್ ಹೆರಿಗೆ, ನವಜಾತ ಶಿಶುಗಳ ಆರೈಕೆ ಮತ್ತು ರಕ್ತದ ದಾಸ್ತಾನು ಖಾತರಿಯಾಗಬೇಕು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಮಾತು ಕೊಟ್ಟಂತೆ ಔಷಧ, ಪರೀಕ್ಷೆ, ಮನೆಗೆ ಹಿಂತಿರುಗುವ ವಾಹನ ಎಲ್ಲವೂ ಉಚಿತವಾಗಿ ಸಿಗಬೇಕು.

3. ಬಿತ್ತನೆಯಿಂದ ಸುಗ್ಗಿಯವರೆಗೆ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮೊದಲ ಪೂರ್ಣ ಪ್ರಮಾಣದ ವಿಷನಿರೋಧಕ ಇರಬೇಕು. ಸಿಬ್ಬಂದಿಗೆ ರಕ್ತದ ಪರೀಕ್ಷೆ ಮತ್ತು ಔಷಧದ ಅಲರ್ಜಿ ನಿಭಾಯಿಸುವ ತರಬೇತಿ ಕೊಡಬೇಕು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಗಡಿಯ ಈ ಬದಿಯಲ್ಲೂ ಪ್ರತಿ ಪ್ರಕರಣ ದಾಖಲಾಗಬೇಕು.

4. ಹೃದಯಾಘಾತವಾದವರಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದು ಮೊದಲ ಆಸ್ಪತ್ರೆಯಲ್ಲೇ ಸಿಗಬೇಕು. ಕರ್ನಾಟಕದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಆ ಔಷಧ ಬಂದಿದೆ. ಕಲ್ಯಾಣದುರ್ಗ, ಮಡಕಶಿರಾಗಳಲ್ಲೂ ಅದು ಎಲ್ಲ ಹೊತ್ತಿನಲ್ಲೂ ಇರಲಿ.

5. ರೋಗಿಯನ್ನು ಬೇರೆಡೆಗೆ ಕಳಿಸುವ ಪ್ರತಿ ಚೀಟಿಯಲ್ಲಿ ಕಾರಣ, ಕೊಟ್ಟ ಔಷಧ, ಕೊಟ್ಟ ಹೊತ್ತು, ಫೋನಿನಲ್ಲಿ ಒಪ್ಪಿಕೊಂಡ ಆಸ್ಪತ್ರೆ ಮತ್ತು ಕಳಿಸಿದ ವೈದ್ಯರ ಸಹಿ ಕಡ್ಡಾಯವಾಗಬೇಕು. ಪ್ರತಿ ತಿಂಗಳು ಎಷ್ಟು ಜನರನ್ನು ಏಕೆ ಕಳಿಸಲಾಯಿತು ಎಂಬ ಲೆಕ್ಕವನ್ನು ಆಸ್ಪತ್ರೆ ಅಭಿವೃದ್ಧಿ ಸೊಸೈಟಿಯ ಸಭೆಯಲ್ಲಿ ಮಂಡಿಸಬೇಕು.

6. 108 ವಾಹನವು ಜೀವಾಪಾಯದ ಸಂದರ್ಭದಲ್ಲಿ ಹತ್ತಿರದ ಸಮರ್ಥ ಆಸ್ಪತ್ರೆಗೆ, ಅದು ಪಾವಗಡ, ಶಿರಾ, ಬಳ್ಳಾರಿ, ಬೆಂಗಳೂರು ಯಾವುದೇ ಇರಲಿ, ನೇರ ಹೋಗಲು ಕರ್ನಾಟಕದೊಂದಿಗೆ ಲಿಖಿತ ಒಪ್ಪಂದವಾಗಬೇಕು.

7. 2019ರಲ್ಲಿ ಉಚಿತ ಚಿಕಿತ್ಸೆಯ ಆರೋಗ್ಯಶ್ರೀ ಯೋಜನೆಯನ್ನು ಬೆಂಗಳೂರಿನ ಆಸ್ಪತ್ರೆಗಳಿಗೆ ವಿಸ್ತರಿಸಿದ್ದನ್ನು ನಾವು ಸ್ವಾಗತಿಸಿದ್ದೆವು. ಈಗ ಡಾ. ಎನ್‌ಟಿಆರ್ ವೈದ್ಯ ಸೇವೆ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಈ ಯೋಜನೆಗೆ ಬಳ್ಳಾರಿ, ತುಮಕೂರು, ಚಿಕ್ಕಬಳ್ಳಾಪುರ ಜಿಲ್ಲೆಗಳ ಆಸ್ಪತ್ರೆಗಳನ್ನೂ ಸೇರಿಸಬೇಕು. ಬಾಕಿ ಹಣಕ್ಕಾಗಿ 2025ರ ಅಕ್ಟೋಬರ್‌ನಲ್ಲಿ ಖಾಸಗಿ ಆಸ್ಪತ್ರೆಗಳು ಈ ಯೋಜನೆಯ ಸೇವೆ ನಿಲ್ಲಿಸಿದಂಥ ಸ್ಥಿತಿ ಮರುಕಳಿಸದಂತೆ ಹಣ ಕಾಲಕ್ಕೆ ಪಾವತಿಯಾಗಬೇಕು.

8. ಎರಡೂ ಆಸ್ಪತ್ರೆಗಳಲ್ಲಿ ಮತ್ತು ಕನ್ನಡ ಪ್ರದೇಶದ ಎಲ್ಲ ಆರೋಗ್ಯ ಕೇಂದ್ರಗಳಲ್ಲಿ ಕನ್ನಡ ಬಲ್ಲ ಸಹಾಯಕರನ್ನು ನೇಮಿಸಬೇಕು. ಫಲಕ, ಒಪ್ಪಿಗೆ ಪತ್ರ, ಔಷಧ ಸೇವನೆಯ ಸೂಚನೆ, ತಾಯಿ ಮಗುವಿನ ಕಾರ್ಡು ಕನ್ನಡದಲ್ಲೂ ಇರಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಸ್ಥಳೀಯ ಯುವತಿಯರು ದಾದಿಯರಾಗಲು ಪ್ರೋತ್ಸಾಹ ಸಿಗಬೇಕು.

9. ಬಿ.ಪಿ., ಶುಗರ್, ಅಪಸ್ಮಾರ, ಮಾನಸಿಕ ಕಾಯಿಲೆಗಳ ಗುಳಿಗೆಗಳನ್ನು ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಒಂದು ತಿಂಗಳಿಗೆ ಒಟ್ಟಾಗಿ ಕೊಡಬೇಕು.

10. ನಮ್ಮ ಕೊಳವೆಬಾವಿಗಳ ಫ್ಲೋರೈಡ್ ಹಳೆಯ ಶಾಪ. 1995ರಲ್ಲಿ ಸತ್ಯಸಾಯಿ ಕುಡಿಯುವ ನೀರಿನ ಯೋಜನೆ ಅಂದಿನ ಅನಂತಪುರ ಜಿಲ್ಲೆಯ ನೂರಾರು ಹಳ್ಳಿಗಳಿಗೆ ನೀರು ತಂದಿತು. ಇನ್ನೂ ಕೊಳವೆಬಾವಿ ನಂಬಿದ ಹಳ್ಳಿಗಳಲ್ಲಿ ನೀರಿನ ಪರೀಕ್ಷೆ ಮತ್ತು ಶಾಲಾ ಮಕ್ಕಳ ಹಲ್ಲು, ಮೂಳೆಗಳ ತಪಾಸಣೆ ವರ್ಷಕ್ಕೊಮ್ಮೆ ನಡೆಯಬೇಕು.

11. ಪೆನುಕೊಂಡದಲ್ಲಿ ಯೋಜಿಸಿರುವ ವೈದ್ಯಕೀಯ ಕಾಲೇಜು ಬೇಗ ಪೂರ್ಣಗೊಳ್ಳಬೇಕು. ಅದು ಸರ್ಕಾರದ ಆಡಳಿತದಲ್ಲೇ ಇರಬೇಕೆಂಬುದು ನಮ್ಮ ದೃಢ ಅಭಿಪ್ರಾಯ. ಬಡವನು ಬಾಗಿಲಲ್ಲಿ ಹಣದ ಪ್ರಶ್ನೆ ಕೇಳಿಸಿಕೊಳ್ಳದ ಆಸ್ಪತ್ರೆ ನಮಗೆ ಬೇಕು.

12. ತೀರಿಹೋದವರನ್ನು ಊರಿಗೆ ಒಯ್ಯುವ ಉಚಿತ ಮಹಾಪ್ರಸ್ಥಾನಂ ವಾಹನ ಹಿಂದೂಪುರ ಮತ್ತು ಕಲ್ಯಾಣದುರ್ಗ ಎರಡರಲ್ಲೂ ಸದಾ ಸಿದ್ಧವಿರಬೇಕು. ದುಃಖದಲ್ಲಿರುವ ಮನೆಯವರು ಖಾಸಗಿ ವಾಹನದವರೊಂದಿಗೆ ಚೌಕಾಸಿ ಮಾಡುವ ಗತಿ ಬರಬಾರದು.

ಈ ಬೇಡಿಕೆಗಳಲ್ಲಿ 3, 5, 8 ಮತ್ತು 9ಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಹಣವೂ ಬೇಡ. ಒಂದು ಆದೇಶ ಮತ್ತು ಅದರ ಮೇಲ್ವಿಚಾರಣೆ ಸಾಕು. ಇವನ್ನು ಬರುವ ಮುಂಗಾರಿನ ಮೊದಲು ಜಾರಿಗೆ ತರಬೇಕೆಂದು ಕೋರುತ್ತೇವೆ. ಉಳಿದವುಗಳ ಬಗ್ಗೆ ಇಬ್ಬರು ಕಲೆಕ್ಟರ್‌ಗಳು, ಜಿಲ್ಲಾ ವೈದ್ಯಾಧಿಕಾರಿಗಳು ಮತ್ತು ನಾಗರಿಕರ ಪ್ರತಿನಿಧಿಗಳ ಜಂಟಿ ಸಭೆಯನ್ನು ಒಂದು ತಿಂಗಳೊಳಗೆ ಹಿಂದೂಪುರದಲ್ಲಿ, ಮುಂದಿನದನ್ನು ಕಲ್ಯಾಣದುರ್ಗದಲ್ಲಿ ಕರೆಯಬೇಕು. ಯಾವ ಬೇಡಿಕೆ ಯಾವಾಗ ಈಡೇರುತ್ತದೆ, ಯಾವುದು ಆಗದು, ಏಕೆ ಆಗದು ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಆ ಉತ್ತರದ ಪ್ರತಿ ಕನ್ನಡದಲ್ಲೂ ಇರಲಿ. ಉತ್ತರ ಬರುವವರೆಗೆ ಪ್ರತಿ ಸೋಮವಾರದ ಅಹವಾಲು ಸಭೆಯಲ್ಲಿ ಈ ಮನವಿಯನ್ನು ಶಾಂತಿಯುತವಾಗಿ ಮತ್ತೆ ಮಂಡಿಸುತ್ತೇವೆ.



ತಮ್ಮ ವಿಶ್ವಾಸಿಗಳು,
ಹಿಂದೂಪುರ, ಮಡಕಶಿರಾ ಮತ್ತು ಕಲ್ಯಾಣದುರ್ಗ ಭಾಗದ ನಾಗರಿಕರು
(ಸಹಿಗಳ ಹಾಳೆಗಳನ್ನು ಲಗತ್ತಿಸಿದೆ)

ಸ್ಥಳ: ಹಿಂದೂಪುರ

ಪ್ರತಿಗಳು:
ಭಾಷಾ ಅಲ್ಪಸಂಖ್ಯಾತರ ಆಯುಕ್ತರು, ಭಾರತ ಸರ್ಕಾರ.
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು.
ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಬೆಂಗಳೂರು.
ಹಿಂದೂಪುರ, ಮಡಕಶಿರಾ ಮತ್ತು ಕಲ್ಯಾಣದುರ್ಗ ಕ್ಷೇತ್ರಗಳ ಶಾಸಕರು.