ಕಿಂಡಲ್ ತಗೋಬೇಕಾ? ಮೊದಲು ಕನ್ನಡ ಹುಡುಕಿ

ಗಡಿಯಾಚೆ ಇರೋ ನಮಗೆ ಕನ್ನಡ ಪುಸ್ತಕ ಬೇಕಂದ್ರೆ ಬಸ್ ಹತ್ತಬೇಕು, ಇಲ್ಲಾ ಅಂಚೆಗೆ ಕಾಯಬೇಕು. ಇ-ರೀಡರ್ ಆಸೆ ಸಹಜವೇ. ಪರದೆ ಕಣ್ಣಿಗೆ ಹಿತ, ಒಮ್ಮೆ ಚಾರ್ಜ್ ಮಾಡಿದ್ರೆ ವಾರಗಟ್ಟಲೆ ಬರುತ್ತೆ. ಆದ್ರೆ ಅದರೊಳಗೆ ಕನ್ನಡ ಎಷ್ಟಿದೆ?

2016ರ ಡಿಸೆಂಬರಿನಲ್ಲಿ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳು ಬಂದವು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕಾಸರಗೋಡು, ತಾಳವಾಡಿ, ಅಕ್ಕಲಕೋಟೆಯ ರಾಜ್ಯಭಾಷೆಗಳಿಗೆಲ್ಲ ಜಾಗ ಸಿಕ್ತು, ನಮ್ಮದಕ್ಕೆ ಇಲ್ಲ. (ತೆಲುಗೂ ಹೊರಗೇ ಉಳೀತು ಅನ್ನಿ.) ಸ್ಕ್ಯಾನ್ ಮಾಡಿದ ಪಿಡಿಎಫ್ ಹಾಕಿದ್ರೆ ಆರಿಂಚಿನ ಪರದೇಲಿ ಒತ್ತಕ್ಷರ ಕಾಣೋದೇ ಕಷ್ಟ.

ಆಂಡ್ರಾಯ್ಡ್ ಇರೋ ಇ-ರೀಡರ್ ಆದ್ರೆ ಗೂಗಲ್ ಪ್ಲೇ ಬುಕ್ಸ್, ಮೈಲ್ಯಾಂಗ್ ಆ್ಯಪ್ ಹಾಕ್ಕೋಬಹುದು. ನಮ್ಮ ಓಟು ಅದಕ್ಕೇ, ಬೆಲೆ ಜಾಸ್ತಿಯಾದ್ರೂ. ಅಷ್ಟು ದುಡ್ಡಿಲ್ವಾ? ಅದೇ ಆ್ಯಪ್ ಫೋನಲ್ಲೂ ಇದೆ. ಕಿಂಡಲ್ಲೇ ಬೇಕು ಅನ್ನೋರು ಓದಬೇಕಾದ ಹತ್ತು ಕನ್ನಡ ಪುಸ್ತಕ ಅಲ್ಲಿ ಸಿಗುತ್ತಾ ನೋಡಿ, ಆಮೇಲೆ ದುಡ್ಡು ಕೊಡಿ.