ಆಸ್ಪತ್ರೆಯ ಗೋಡೆಯಾಚೆಯ ಸದ್ದು

ಆಸ್ಪತ್ರೆಗಳ ಮುಂದೆ ‘ನಿಶ್ಶಬ್ದ ವಲಯ’ ಎಂಬ ಫಲಕವನ್ನು ನಾವೆಲ್ಲರೂ ಕಂಡಿದ್ದೇವೆ. ಹಾರ್ನಿನ ಚಿತ್ರ, ಅದರ ಮೇಲೊಂದು ಕೆಂಪು ಗೆರೆ. ಆದರೆ ಬಂಡೆ ಒಡೆಯುವ ಯಂತ್ರದ ಚಿತ್ರಕ್ಕೆ ಅಂಥ ಗೆರೆ ಎಳೆದಿರುವ ಫಲಕವನ್ನು ನಾನು ಈವರೆಗೆ ಎಲ್ಲಿಯೂ ನೋಡಿಲ್ಲ. ದಾರಿಹೋಕನ ಹಾರ್ನು ಅರೆಕ್ಷಣದ್ದು. ಪಕ್ಕದ ನಿವೇಶನದ ಯಂತ್ರ ತಿಂಗಳುಗಟ್ಟಲೆ ಬಡಿಯುತ್ತದೆ. ಹಾರ್ನಿನ ಬಗ್ಗೆ ಇಷ್ಟು ಎಚ್ಚರವಿರುವ ನಾವು ಎರಡನೆಯದನ್ನು ‘ಅಭಿವೃದ್ಧಿ ಕಾರ್ಯ’ವೆಂದು ಸಹಿಸಿಕೊಂಡು ಬಿಡುವುದು ಸರಿಯೇ ಎಂಬುದು ಈ ಬರಹದ ಪ್ರಶ್ನೆ.

ಈ ಕಾಮಗಾರಿಗಳು ನಾಲ್ಕು ದಿನದ ಮಾತಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಬಳಿಯ ಮೇಲ್ಸೇತುವೆಯನ್ನು ಮೆಟ್ರೊ ನಿಲ್ದಾಣಕ್ಕಾಗಿ 2020ರಲ್ಲಿ ಕೆಡವಲಾಯಿತು. ಅಲ್ಲಿ ಹಳದಿ ಮಾರ್ಗದ ರೈಲು ಓಡಲಾರಂಭಿಸಿದ್ದು 2025ರ ಆಗಸ್ಟ್‌ನಲ್ಲಿ. ಆ ಐದು ವರ್ಷವೂ ಹೃದ್ರೋಗಿಗಳು ಬರುತ್ತಲೇ ಇದ್ದರು. ಶಾಲೆಗಾದರೆ ರಜೆ ಕೊಡಬಹುದು, ಕಚೇರಿಯನ್ನು ಬೇರೆಡೆಗೆ ಒಯ್ಯಬಹುದು. ಆಸ್ಪತ್ರೆಗೆ ರಜೆ ಎಂಬುದಿಲ್ಲ.

ಕಾನೂನು ಇಲ್ಲದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆಯ ಸುತ್ತಲಿನ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶವಿದೆ. ಅಲ್ಲಿ ಹಗಲು 50 ಡೆಸಿಬಲ್, ರಾತ್ರಿ 40 ಡೆಸಿಬಲ್ ಮಿತಿ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಹಗಲೆಂದು ಲೆಕ್ಕ. 2010ರ ತಿದ್ದುಪಡಿಯು ಇಂಥ ವಲಯಗಳಲ್ಲಿ ಸದ್ದು ಮಾಡುವ ನಿರ್ಮಾಣ ಯಂತ್ರಗಳ ರಾತ್ರಿ ಬಳಕೆಯನ್ನು ನಿಷೇಧಿಸಿತು.

ಈಗ ಹಳೆಯ ಅಭ್ಯಾಸದಂತೆ ಒಂದು ಲೆಕ್ಕ ಕೊಡುತ್ತೇನೆ. ನನ್ನ ವಿದ್ಯಾರ್ಥಿಗಳು ಬೇಸರಿಸಬಾರದು. 10 ಮೀಟರ್ ದೂರದಲ್ಲಿ 90 ಡೆಸಿಬಲ್ ಸದ್ದು ಮಾಡುವ ಯಂತ್ರವೊಂದಿದೆ ಎಂದುಕೊಳ್ಳಿ. ಬಯಲಿನಲ್ಲಿ ದೂರ ಇಮ್ಮಡಿಯಾದಾಗ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಹಾಗಾಗಿ 100 ಮೀಟರ್ ದಾಟಿದರೂ 70 ಡೆಸಿಬಲ್ ಉಳಿದಿರುತ್ತದೆ. ಮಿತಿಗಿಂತ 20 ಹೆಚ್ಚು ಎಂದರೆ ಅಲ್ಪವೆಂದು ಭಾವಿಸಬೇಡಿ. ಡೆಸಿಬಲ್ ಮಾಪನದಲ್ಲಿ ಪ್ರತಿ 10ಕ್ಕೂ ಶಬ್ದದ ತೀವ್ರತೆ ಹತ್ತು ಪಟ್ಟು ಏರುವುದರಿಂದ ಅದು ನೂರು ಪಟ್ಟು. ಇನ್ನೊಂದು ಸೂಕ್ಷ್ಮವಿದೆ. ಮಿತಿಯನ್ನು ಅಳೆಯುವುದು ಸರಾಸರಿಯಲ್ಲಿ. ಆ 70 ಡೆಸಿಬಲ್ ಸದ್ದು ದಿನಕ್ಕೆ ಕಾಲು ಗಂಟೆ ಮಾತ್ರ ಇದ್ದರೆ, ಹದಿನಾರು ಗಂಟೆಗಳ ಸರಾಸರಿಯಲ್ಲಿ ಅದು ಸುಮಾರು 52ಕ್ಕೆ ಇಳಿದುಬಿಡುತ್ತದೆ. ಕಾಗದದ ಮೇಲೆ ಎಲ್ಲವೂ ಹೆಚ್ಚುಕಡಿಮೆ ಸರಿ. ಆದರೆ ಎದೆಯ ಹೊಲಿಗೆ ಹಸಿಯಾಗಿರುವ ರೋಗಿ ಬೆಚ್ಚಿಬೀಳುವುದು ಸರಾಸರಿಗಲ್ಲ, ಒಂದೊಂದು ಪೆಟ್ಟಿಗೆ.

ಕಂಪನದ ವಿಷಯ ಇನ್ನೂ ಬೇರೆ. ಶಬ್ದವನ್ನು ಕಿಟಕಿ ಮುಚ್ಚಿ ಸ್ವಲ್ಪವಾದರೂ ತಡೆಯಬಹುದು. ನೆಲದಲ್ಲಿ ಬರುವ ನಡುಕಕ್ಕೆ ಯಾವ ಕಿಟಕಿ? ನಮ್ಮ ಸೀಮೆಯಲ್ಲಿ ಕೆಲವು ಅಡಿ ಅಗೆದರೆ ಬಂಡೆ. ಆ ಬಂಡೆಯ ಮೇಲೆಯೇ ಎರಡೂ ಕಟ್ಟಡಗಳ ಪಾಯ. ಕೆಲವು ವರ್ಷಗಳ ಹಿಂದೆ ನಮ್ಮ ಭಾವನವರು ಹೃದಯದ ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದ ಆಸ್ಪತ್ರೆಯೊಂದರಲ್ಲಿ ಹೊಸ ವಿಭಾಗದ ಪಾಯ ತೆಗೆಯುತ್ತಿದ್ದರು. ಮಂಚದ ಪಕ್ಕದ ಸ್ಟೀಲ್ ಲೋಟದ ನೀರಿನಲ್ಲಿ ಉಂಗುರಗಳೇಳುವುದನ್ನು ನಾನೇ ಕಂಡೆ. ಕೆಳಗಿಳಿದು ಮೇಲ್ವಿಚಾರಕರನ್ನು ಕೇಳಿದಾಗ, “ನಾವು ರಾತ್ರಿ ಹತ್ತರ ಮೇಲೆ ಮುಟ್ಟುವುದೇ ಇಲ್ಲ ಸಾರ್, ಕಟ್ಟಡಕ್ಕೂ ಏನೂ ಆಗುವುದಿಲ್ಲ” ಎಂದರು. ಅವರು ಹೇಳಿದ ಎರಡೂ ಮಾತು ನಿಜವೇ ಇದ್ದೀತು.

ತೊಡಕಿರುವುದು ಅಲ್ಲಿಯೇ. ನೆಲದ ಚಲನೆ ಸೆಕೆಂಡಿಗೆ 0.3 ಮಿಲಿಮೀಟರ್ ವೇಗ ಮುಟ್ಟಿದರೆ ಮನೆಯೊಳಗಿನ ಮನುಷ್ಯನಿಗೆ ತಿಳಿಯತೊಡಗುತ್ತದೆ, 1 ಮಿಲಿಮೀಟರ್ ಆದರೆ ದೂರು ಬರುತ್ತದೆ ಎಂದು ಬ್ರಿಟಿಷ್ ಮಾನಕ ಹೇಳುತ್ತದೆ. ಗೋಡೆ ಬಿರುಕು ಬಿಡಲು ಇದರ ಹತ್ತಾರು ಪಟ್ಟು ಬೇಕು. ಅಂದರೆ ‘ಕಟ್ಟಡ ಸುರಕ್ಷಿತ’ ಎಂಬ ಪ್ರಮಾಣಪತ್ರ ರೋಗಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಸೂಕ್ಷ್ಮದರ್ಶಕದಡಿ ಕಣ್ಣಿನ ಶಸ್ತ್ರಚಿಕಿತ್ಸೆ ನಡೆಸುವ ವೈದ್ಯರ ಬಗ್ಗೆಯಾಗಲಿ, ಎಂಆರ್‌ಐ ಯಂತ್ರದ ಬಗ್ಗೆಯಾಗಲಿ ಹೇಳುವುದಿಲ್ಲ. ರಾತ್ರಿಯ ನಿಷೇಧವೂ ಅಷ್ಟೆ. ಅದು ನಿದ್ರಿಸುವವರನ್ನು ಕಾಯುತ್ತದೆ, ಒಪ್ಪಿದೆ. ಆದರೆ ಪೂರ್ವನಿಗದಿತ ಶಸ್ತ್ರಚಿಕಿತ್ಸೆಗಳು ನಡೆಯುವುದು ಹಗಲಿನಲ್ಲಿ. ಗಡಿಯಾರ ನೋಡಿ ಕೆಲಸ ಮಾಡಿದರೆ ಸಾಲದು. ಆಸ್ಪತ್ರೆಯ ದಿನಚರಿಯನ್ನು ನೋಡಬೇಕು.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು. ಮೊದಲನೆಯದಾಗಿ, ಪ್ರತಿದಿನ ಬೆಳಿಗ್ಗೆ ಶಸ್ತ್ರಚಿಕಿತ್ಸಾ ಕೊಠಡಿಯ ಪಟ್ಟಿ ಕಾಮಗಾರಿಯ ಎಂಜಿನಿಯರ ಕೈ ಸೇರಬೇಕು. ಬಡಿಯುವ ಕೆಲಸಕ್ಕೆ ಗಂಟೆಗಳನ್ನು ಇಬ್ಬರೂ ಕುಳಿತು ಗೊತ್ತುಮಾಡಬೇಕು. ಎರಡನೆಯದಾಗಿ, ತೀವ್ರ ನಿಗಾ ಘಟಕದ ಹಿರಿಯ ದಾದಿಗೆ ಒಂದು ದೂರವಾಣಿ ಕರೆಯಿಂದ ಕೆಲಸ ನಿಲ್ಲಿಸುವ ಅಧಿಕಾರವಿರಬೇಕು. ದೂರನ್ನು ಅರ್ಜಿಯಾಗಿ ಬರೆದು, ಅದು ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ರೋಗಿ ಮನೆಗೆ ಹೋಗಿರುತ್ತಾನೆ, ಇಲ್ಲವೇ ಇನ್ನೆಲ್ಲಿಗೋ. ಮೂರನೆಯದಾಗಿ, ವಿಧಾನವನ್ನೇ ಬದಲಿಸಬೇಕು. ಕಂಬಗಳನ್ನು ಬಡಿದು ಇಳಿಸುವ ಬದಲು ಕೊರೆದು ಇಳಿಸಬಹುದು. ಬಂಡೆಗೆ ರಂಧ್ರ ಕೊರೆದು, ಹಿಗ್ಗುವ ರಾಸಾಯನಿಕ ತುಂಬಿ ತಾನಾಗಿ ಸೀಳುವಂತೆ ಮಾಡಬಹುದು. ಕಾಂಕ್ರೀಟನ್ನು ವಜ್ರದ ಹರಳು ಪೋಣಿಸಿದ ತಂತಿಯಿಂದ ಕೊಯ್ಯಬಹುದು. ಇವೆಲ್ಲ ಬಳಕೆಯಲ್ಲಿರುವ ವಿಧಾನಗಳೇ.

ಇವಕ್ಕೆ ಹಣವೂ ಸಮಯವೂ ಹೆಚ್ಚು ಎಂಬ ಆಕ್ಷೇಪ ನ್ಯಾಯವಾದದ್ದು. ಕೆಲಸ ಬೇಗ ಮುಗಿದರೆ ರೋಗಿಗೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಆದರೆ ಇಂದು ಮಲಗಿರುವ ರೋಗಿ ಕಟ್ಟಡ ಮುಗಿಯುವವರೆಗೆ ಇರುವುದಿಲ್ಲ. ಅವನ ಪಾಲಿಗಿರುವುದು ಈ ಹತ್ತು ದಿನ. ನಾಳಿನ ನೂರು ಹಾಸಿಗೆಗಳ ಹೆಸರಿನಲ್ಲಿ ಇಂದಿನ ಒಂದು ಹಾಸಿಗೆಯನ್ನು ಅಲುಗಾಡಿಸುವ ಹಕ್ಕು ಯಾರಿಗೂ ಇಲ್ಲ. ಇನ್ನು ಖರ್ಚು. ಸಿಮೆಂಟಿಗೆ, ಕಬ್ಬಿಣಕ್ಕೆ ಟೆಂಡರಿನಲ್ಲಿ ಸಾಲುಗಳಿರುವಂತೆ ಮೌನಕ್ಕೂ ಒಂದು ಸಾಲು, ಅದಕ್ಕೊಂದು ಬೆಲೆ ಇರಬೇಕು. ಅದಿಲ್ಲದೆ ಗುತ್ತಿಗೆದಾರನನ್ನು ದೂರುವುದು ತಪ್ಪು; ದುಡ್ಡು ಕೊಡದ ವಸ್ತುವನ್ನು ಅವನಾದರೂ ಎಲ್ಲಿಂದ ತಂದಾನು?

ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆಯ ಕುರಿತು 1859ರಲ್ಲಿ ಬರೆದ ಪುಸ್ತಕದಲ್ಲಿ ಸದ್ದಿಗೆಂದೇ ಒಂದು ಅಧ್ಯಾಯವಿದೆ. ಔಷಧಿ, ಗಾಳಿ, ಬೆಳಕುಗಳಂತೆ ನಿಶ್ಶಬ್ದವೂ ಚಿಕಿತ್ಸೆಯ ಅಂಗವೆಂದು ಆ ತಾಯಿ ಆಗಲೇ ಅರಿತಿದ್ದರು.

ನನ್ನಲ್ಲಿ ಓದಿದ ಹಲವರು ಈಗ ಎಂಜಿನಿಯರುಗಳು, ಕೆಲವರು ಗುತ್ತಿಗೆದಾರರು, ಇಬ್ಬರು ಮೂವರು ಆಸ್ಪತ್ರೆಗಳ ಆಡಳಿತದಲ್ಲಿದ್ದಾರೆ. ಶ್ರುತಿಕವೆಯನ್ನು ಬಡಿದು ಮೇಜಿನ ಮೇಲೆ ಊರಿದಾಗ ಇಡೀ ಮೇಜು ಹಾಡುವುದನ್ನು ನೀವೆಲ್ಲ ಮೊದಲ ಬೆಂಚಿಗೆ ಮುಗಿಬಿದ್ದು ಕೇಳಿದವರು. ಮುಂದಿನ ಸಲ ಆಸ್ಪತ್ರೆಯ ಪಕ್ಕದ ಕಾಮಗಾರಿಯ ಕಾಗದಕ್ಕೆ ಸಹಿ ಹಾಕುವ ಮುನ್ನ, ಆ ಗೋಡೆಯಾಚೆ ಯಾವ ವಾರ್ಡಿದೆ ಎಂದು ಒಮ್ಮೆ ಒಳಗೆ ಹೋಗಿ ನೋಡಿ ಬನ್ನಿ. ನಿಮ್ಮ ಮೇಷ್ಟರ ಕೋರಿಕೆ ಇಷ್ಟೇ.